ರೊಕ್ಕ ಗಾಲಿಗೋ, ಇಂಜಿನ್‌ಗೋ? ಹಳೆಯ ಡೀಸೆಲ್ ಎಸ್‌ಯುವಿ ಇದ್ದವರಿಗೊಂದು ಹೋಲಿಕೆ

ಲಕ್ಷದಿಂದ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್ ಎಸ್‌ಯುವಿಗೆ ಎರಡು ಖರ್ಚು ಜೋಡಿಯಾಗಿಯೇ ಬರುತ್ತವೆ. ಟೈರ್ ಸವೆದಿರುತ್ತವೆ, ಹೇಗೂ ಬದಲಿಸಬೇಕಲ್ಲ ಎಂದು ದೊಡ್ಡ ಅಲಾಯ್ ರಿಮ್ ಹಾಕಿಸುವ ಮನಸ್ಸಾಗುತ್ತದೆ. ಅದೇ ಹೊತ್ತಿಗೆ ಬೆಳಿಗ್ಗೆ ಸ್ಟಾರ್ಟ್ ತಡವಾಗುತ್ತಿರುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಹಿಂದೆ ಕರಿ ಹೊಗೆ. 17 ಇಂಚಿನ ಒಳ್ಳೆಯ ಅಲಾಯ್ ನಾಲ್ಕು ಮತ್ತು ಹೆಸರುವಾಸಿ ಕಂಪನಿಯ ಟೈರ್ ನಾಲ್ಕು ಸೇರಿದರೆ ಹೆಚ್ಚುಕಡಿಮೆ 70,000ದಿಂದ 1 ಲಕ್ಷ ರೂಪಾಯಿ. ನಾಲ್ಕು ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಅಥವಾ ಒಂದು ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ಒತ್ತುವ ಭಾಗ) ಕೆಲಸವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಆದ್ದರಿಂದಲೇ ಗೊಂದಲ.

ನಮ್ಮ ಅಭಿಪ್ರಾಯ ಮೊದಲೇ ಹೇಳುತ್ತೇವೆ: ಸವೆದ ಟೈರ್ ಎಲ್ಲಕ್ಕಿಂತ ಮೊದಲು, ಇಂಜಿನ್ ಎರಡನೆಯದು, ದೊಡ್ಡ ರಿಮ್ ಕೊನೆಯದು. ಟೈರ್ ಮತ್ತು ರಿಮ್ ಎರಡನ್ನೂ ಒಂದೇ ಖರ್ಚೆಂದು ಲೆಕ್ಕ ಹಿಡಿಯುವುದರಿಂದಲೇ ಬಹಳ ಜನ ತಪ್ಪು ಕಡೆ ರೊಕ್ಕ ಸುರಿಯುತ್ತಾರೆ.

ನಡುಕ ಎಲ್ಲಿಯದು?

ಗಾಡಿ ನಡುಗುತ್ತದೆ ಎಂದು ಗಾಲಿ ಬದಲಿಸಿ, ನಡುಕ ಹಾಗೇ ಉಳಿಯುವುದು ಅಪರೂಪವೇನಲ್ಲ. ಇದನ್ನು ಬೇರ್ಪಡಿಸಲು ಖರ್ಚಿಲ್ಲ. 80ರಿಂದ 100 ಕಿಲೋಮೀಟರ್ ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿ, ಗೇರ್ ಬದಲಿಸಿ ಇಂಜಿನ್‌ನ ಆರ್‌ಪಿಎಂ ಏರಿಳಿಸಿದರೂ ನಡುಕ ಅದೇ ವೇಗಕ್ಕೆ ಅಂಟಿಕೊಂಡಿದ್ದರೆ ಅದು ಗಾಲಿಯದು: ಬ್ಯಾಲೆನ್ಸಿಂಗ್, ಬಾಗಿದ ರಿಮ್, ಉಬ್ಬಿದ ಟೈರ್. ಗಾಡಿ ನಿಂತಾಗಲೂ ಒಂದು ಆರ್‌ಪಿಎಂನಲ್ಲಿ ಸೀಟು ನಡುಗಿದರೆ ಅದು ಇಂಜಿನ್ ಮೌಂಟ್, ಇಂಜೆಕ್ಟರ್ ಅಥವಾ ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ ಮತ್ತು ಕ್ಲಚ್ ನಡುವಿನ, ನಡುಕ ನುಂಗುವ ಚಕ್ರ) ಕಡೆಯದು. ಬ್ರೇಕ್ ಒತ್ತಿದಾಗ ಮಾತ್ರವಾದರೆ ಡಿಸ್ಕ್ ನೋಡಿಸಬೇಕು.

ಗಾಲಿ: ಮೂರು ದಾರಿ

ಕಂಪನಿ ಕೊಟ್ಟ ಅಳತೆಯಲ್ಲೇ ಹೊಸ ಟೈರ್ ಮಾತ್ರ ಹಾಕುವುದು ಒಂದು. ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಡುವ ಅಳತೆಗೆ ಹೋಗುವುದು ಎರಡನೆಯದು. ಅಂಗಡಿಯವರು ತೋರಿಸುವ ಇನ್ನೂ ಅಗಲ, ಇನ್ನೂ ಎತ್ತರದ ಗಾಲಿ ಮೂರನೆಯದು.

ಲೆಕ್ಕ ಹೀಗಿದೆ. 235/65 ಆರ್17 ಎಂದರೆ ಟೈರ್ ಅಗಲ 235 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 65, ಅಂದರೆ 153 ಮಿಲಿಮೀಟರ್. ಒಟ್ಟು ವ್ಯಾಸ 737. ಇದನ್ನು 235/60 ಆರ್18ಕ್ಕೆ ಬದಲಿಸಿದರೆ ವ್ಯಾಸ 739. ಮೀಟರ್‌ಗೂ ಗೇರ್‌ಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಆದರೆ ಪಕ್ಕದ ಗೋಡೆ 141ಕ್ಕೆ ಇಳಿಯುತ್ತದೆ. 235/55 ಆರ್19 ಹಾಕಿದರೆ 129. ಹೀಗೆ ಕಳೆದುಕೊಳ್ಳುವ 24 ಮಿಲಿಮೀಟರ್ ರಬ್ಬರ್ರೇ ಗುಂಡಿಯಲ್ಲಿ ರಿಮ್ ಉಳಿಸುವಂಥದ್ದು. ಲಕ್ಷ್ಮೇಶ್ವರ, ಸವಣೂರ, ರೋಣದ ಒಳರಸ್ತೆಗಳಲ್ಲಿ ಮಳೆ ಬಿದ್ದು ಗುಂಡಿಯ ಆಳ ಕಾಣದಾಗ ತಿಳುವಾದ ಗೋಡೆಯ ಟೈರ್ ಒಳಗಿನ ದಾರ ಕಡಿದು ಪಕ್ಕದಲ್ಲಿ ಉಬ್ಬುತ್ತದೆ. ಉಬ್ಬಿದ ಟೈರ್‌ಗೆ ರಿಪೇರಿ ಇಲ್ಲ. ಅದು ಯಾವಾಗ ಒಡೆಯುತ್ತದೋ ಹೇಳಲು ಬರುವುದಿಲ್ಲ. 19 ಇಂಚಿನ ಟೈರ್ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಬಿಡಿ, ತಾಲ್ಲೂಕಿನ ಟೈರ್ ಅಂಗಡಿಯಲ್ಲೂ ಅದೇ ದಿನ ಸಿಗುವುದು ಕಷ್ಟ.

ಮೂರನೆಯ ದಾರಿಯ ಅಪಾಯ ಬೇರೆ. 235/65 ಆರ್17 ಬದಲು 255/65 ಆರ್17 ಹಾಕಿದರೆ ವ್ಯಾಸ 763, ಅಂದರೆ ಶೇ. 3.5 ಹೆಚ್ಚು. ಮೊದಲು ನಿಜಕ್ಕೂ 100ರಲ್ಲಿ ಓಡುತ್ತಿದ್ದ ಗಾಡಿ ಮೀಟರ್‌ನಲ್ಲಿ ಅದೇ ಅಂಕಿ ತೋರಿಸುತ್ತ 103.5ರಲ್ಲಿ ಓಡುತ್ತದೆ. ಶೇ. 2ರ ಒಳಗಿನ ವ್ಯತ್ಯಾಸ ನಡೆಯುತ್ತದೆ, 3 ದಾಟಿದರೆ ಬೇಡ. ಇದರ ನಿಜವಾದ ಪೆಟ್ಟು ಬೀಳುವುದು ಇಂಜಿನ್‌ಗೆ. ಎತ್ತರದ, ಭಾರದ ಗಾಲಿ ಎಂದರೆ ಎಲ್ಲ ಗೇರ್‌ಗಳೂ ಉದ್ದವಾದಂತೆ. ಟರ್ಬೊ ಎಳೆಯಲು ಶುರುಮಾಡುವ ಆರ್‌ಪಿಎಂಗಿಂತ ಕೆಳಗೆ ಗಾಡಿ ಹೆಚ್ಚು ಹೊತ್ತು ಒದ್ದಾಡುತ್ತದೆ, ಮಸಿ ಹೆಚ್ಚುತ್ತದೆ, ಆ ಮಸಿ ಇಜಿಆರ್‌ನಲ್ಲೂ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸುವ ವ್ಯವಸ್ಥೆ) ಡಿಪಿಎಫ್‌ನಲ್ಲೂ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂರುತ್ತದೆ. ಕ್ಲಚ್ ಬೇಗ ಸವೆಯುತ್ತದೆ. ಮೊದಲೇ ಎಳೆತ ಕಳೆದುಕೊಂಡ ಇಂಜಿನ್‌ಗೆ ದೊಡ್ಡ ಗಾಲಿ ಹಾಕಿಸುವುದೆಂದರೆ ರೋಗ ಮುಚ್ಚಿಟ್ಟು ಭಾರ ಹೇರಿದಂತೆ.

ರಿಮ್ ಕೊಳ್ಳುವುದೇ ಆದರೆ ನೋಟಕ್ಕಿಂತ ಮೊದಲು ಐದು ವಿಷಯ ಹೊಂದಬೇಕು. ಬೋಲ್ಟ್ ಸಂಖ್ಯೆ ಮತ್ತು ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ, ಮಿಲಿಮೀಟರ್‌ನಲ್ಲಿ): ಇನ್ನೋವಾ ಕ್ರಿಸ್ಟಾ, ಕ್ರೆಟಾ 5×114.3; ಫಾರ್ಚುನರ್ 6×139.7. ನಡುವಿನ ತೂತು ಹಬ್‌ಗೆ ಸರಿಯಾಗಿ ಕೂರಬೇಕು; ದೊಡ್ಡದಿದ್ದರೆ ಸೆಂಟರಿಂಗ್ ರಿಂಗ್ ಬೇಕು, ಇಲ್ಲವಾದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗುವುದಿಲ್ಲ. ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖದ ದೂರ) ಕಂಪನಿಯದಕ್ಕಿಂತ ಬಹಳ ಕಡಿಮೆಯಾದರೆ ಗಾಲಿ ಹೊರಗೆ ಚಾಚಿ ಬೇರಿಂಗ್‌ಗೆ ಭಾರ ಬೀಳುತ್ತದೆ. ಸ್ಪೇಸರ್ ಹಾಕಿ ಹೊಂದಿಸುತ್ತೇವೆ ಎಂದವರಿಗೆ ಬೇಡ ಎನ್ನಿ. ನಟ್ ಕೂರುವ ಆಕಾರವೂ ಮುಖ್ಯ. ಕೆಲವು ಕಂಪನಿ ರಿಮ್‌ಗಳಿಗೆ ಚಪ್ಪಟೆ ವಾಷರ್‌ನ ನಟ್ ಇರುತ್ತದೆ, ಹೊರಗಿನ ಅಲಾಯ್‌ಗೆ ಕೋನಾಕಾರದ್ದು ಬೇಕು. ಹಳೆಯ ನಟ್ಟನ್ನೇ ಬಿಗಿದರೆ ಅದು ಅರ್ಧ ಮಾತ್ರ ಹಿಡಿದು ಕಾಲಕ್ರಮೇಣ ಸಡಿಲಾಗುತ್ತದೆ. ಐದನೆಯದು ಭಾರ ಹೊರುವ ಶಕ್ತಿ. ಟೈರ್‌ನ ಲೋಡ್ ಇಂಡೆಕ್ಸ್ 104 ಎಂದರೆ ಒಂದು ಟೈರ್‌ಗೆ 900 ಕಿಲೋ, 100 ಎಂದರೆ 800. ಏಳು ಜನ ಕೂತು, ಹಿಂದೆ ಬ್ಯಾಡಗಿ ಮೆಣಸಿನಕಾಯಿ ಚೀಲ ತುಂಬುವ ಗಾಡಿಗೆ ಹಳೆಯ ಟೈರ್‌ಗಿಂತ ಕಡಿಮೆ ಇಂಡೆಕ್ಸ್ ಯಾವ ಕಾರಣಕ್ಕೂ ಸಲ್ಲ.

ಜೋಡಿಸುವಾಗ ನ್ಯೂಮ್ಯಾಟಿಕ್ ಗನ್ನಿನಿಂದಲೇ ಮುಗಿಸಲು ಬಿಡಬೇಡಿ. ಕೊನೆಯ ಬಿಗಿತ ಟಾರ್ಕ್ ರೆಂಚ್‌ನಿಂದ, ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ, ನಕ್ಷತ್ರದ ಕ್ರಮದಲ್ಲಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಟೈರ್ ಮೇಲಿನ ನಾಲ್ಕಂಕಿಯ ತಯಾರಿಕೆ ಗುರುತನ್ನೂ ಓದಿ: 2324 ಎಂದಿದ್ದರೆ 2024ರ 23ನೇ ವಾರದ್ದು.

ಆಲ್ ಟೆರೇನ್ ಟೈರ್ ಬಗ್ಗೆ ಒಂದು ಮಾತು. ನಮ್ಮ ಎರಿ ಹೊಲದ ದಾರಿಗೆ ಇದೇ ಪರಿಹಾರ ಎಂದು ಮಾರುತ್ತಾರೆ. ಒಣ ಕಲ್ಲು, ಗರಸಿನ ದಾರಿಯಲ್ಲಿ ಅದು ಒಳ್ಳೆಯದು, ಪಕ್ಕದ ಗೋಡೆಯೂ ಗಟ್ಟಿ. ಆದರೆ ಗದಗ, ನರಗುಂದ ಕಡೆಯ ಎರಿ ಮಣ್ಣು ಹಸಿಯಾದಾಗ ಯಾವ ಟೈರ್‌ನ ಕಚ್ಚುಗಳನ್ನೂ ತುಂಬಿ ಅದನ್ನು ಬೋಳು ಮಾಡಿಬಿಡುತ್ತದೆ. ವರ್ಷದ ಹತ್ತು ತಿಂಗಳು ಡಾಂಬರಿನ ಮೇಲೆ ಓಡುವವರಿಗೆ ಅದರ ಸದ್ದು, ಭಾರ ಮತ್ತು ಒದ್ದೆ ರಸ್ತೆಯಲ್ಲಿ ತುಸು ಉದ್ದವಾಗುವ ಬ್ರೇಕ್ ದೂರ ಲಾಭವಲ್ಲ.

ಸ್ಟೀಲ್ ರಿಮ್ ಬಾಗಿದರೆ ಬಡಿದು ಸರಿಮಾಡಬಹುದು. ಅಲಾಯ್ ಬಿರುಕು ಬಿಡುತ್ತದೆ. ವೆಲ್ಡ್ ಮಾಡಿದ ಅಲಾಯನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ. ಇನ್ನು ಕಾಗದದ ಕೆಲಸ: ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಬದಲಾವಣೆಯನ್ನು ತಡೆಯುತ್ತದೆ. ಅದೇ ಮಾಡೆಲ್‌ಗೆ ಕಂಪನಿ ಒಪ್ಪಿದ ಅಳತೆಯೊಳಗಿದ್ದರೆ ತಕರಾರು ಕಡಿಮೆ. ಹೊರಗಿನ ಅಲಾಯ್ ಹಾಕಿದ್ದನ್ನು ವಿಮೆಯವರಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಇಲ್ಲವಾದರೆ ಗಾಲಿ ಕಳುವಾದಾಗ ಅದರ ಬೆಲೆ ಸಿಗುವುದಿಲ್ಲ.

ಇಂಜಿನ್: ಬಿಚ್ಚುವ ಮೊದಲು ಅಳೆಯಿರಿ

ಡೀಸೆಲ್ ಕೆಲಸದಲ್ಲಿ ರೊಕ್ಕ ಹಾಳಾಗುವುದು ಬಿಡಿಭಾಗದ ಬೆಲೆಯಿಂದಲ್ಲ, ಊಹೆಯಿಂದ. ಎಳೆತ ಇಲ್ಲ ಎಂದ ಕೂಡಲೇ ಟರ್ಬೊ ಬಿಚ್ಚುತ್ತಾರೆ; ಇಂಟರ್‌ಕೂಲರ್‌ನ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ರಬ್ಬರ್ ಪೈಪು ಕೆಳಗಡೆ ಸೀಳಿದ್ದು ಆಮೇಲೆ ಕಾಣುತ್ತದೆ. ಹುಬ್ಬಳ್ಳಿಯ ಗೋಕುಲ ರೋಡಿನ ಶೋರೂಮಿಗೇ ಹೋಗಿ, ಪಿ.ಬಿ. ರೋಡಿನ ಗ್ಯಾರೇಜಿಗೇ ಹೋಗಿ, ಈ ಪರೀಕ್ಷೆಗಳ ಫಲಿತಾಂಶ ಬರಹದಲ್ಲಿ ಕೇಳಿ. ಎಲ್ಲ ಸೇರಿ ಕೆಲವೇ ಸಾವಿರದ ಕೆಲಸ.

ಮೊದಲು ಸ್ಕ್ಯಾನರ್. ದೋಷದ ಕೋಡ್ ಓದಿ ಅಳಿಸಿಬಿಟ್ಟರೆ ಸಾಲದು. ಇಂಜಿನ್ ಕಾದ ಮೇಲೆ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಕೊಡುವ ಒಂದೇ ಕೊಳವೆ, ಕಾಮನ್ ರೈಲ್) ಒತ್ತಡ ಎಷ್ಟು ಬೇಕೆಂದು ಕಂಪ್ಯೂಟರ್ ಕೇಳುತ್ತಿದೆ, ನಿಜಕ್ಕೂ ಎಷ್ಟಿದೆ ಎರಡನ್ನೂ ನೋಡಬೇಕು. ಸ್ಟಾರ್ಟರ್ ತಿರುಗುವಾಗ ಒತ್ತಡ ಸುಮಾರು 200 ಬಾರ್‌ಗೆ ಏರದಿದ್ದರೆ ಗಾಡಿ ಸ್ಟಾರ್ಟ್ ಆಗುವುದೇ ಕಷ್ಟ. ನಾಲ್ಕೂ ಸಿಲಿಂಡರ್‌ಗಳ ಡೀಸೆಲ್ ತಿದ್ದುಪಡಿ ಅಂಕಿಗಳಲ್ಲಿ ಒಂದು ಮಾತ್ರ ಬಹಳ ದೂರ ಹೋಗಿದ್ದರೆ ಆ ಇಂಜೆಕ್ಟರ್ ಅಥವಾ ಆ ಸಿಲಿಂಡರ್ ಮೇಲೆ ಅನುಮಾನ.

ಎರಡನೆಯದು ರಿಟರ್ನ್ ಪರೀಕ್ಷೆ. ನಾಲ್ಕು ಇಂಜೆಕ್ಟರ್‌ಗಳ ವಾಪಸು ಪೈಪಿಗೆ ನಾಲ್ಕು ಸಣ್ಣ ಬಾಟಲಿ ಜೋಡಿಸಿ ಎರಡು ಮೂರು ನಿಮಿಷ ಐಡಲ್‌ನಲ್ಲಿ ಓಡಿಸುತ್ತಾರೆ. ಒಂದರಲ್ಲಿ ಉಳಿದವಕ್ಕಿಂತ ಎರಡು ಮೂರು ಪಟ್ಟು ಡೀಸೆಲ್ ಬಂದರೆ ಅದು ಒಳಗೆ ಸೋರುತ್ತಿದೆ, ಬೆಳಗಿನ ತಡವಾದ ಸ್ಟಾರ್ಟ್‌ಗೆ ಅದೇ ಕಾರಣ. ಮೂರನೆಯದು ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬ ಅಳತೆ. ಅಂಕಿ ಇಂಜಿನ್‌ನಿಂದ ಇಂಜಿನ್‌ಗೆ ಬೇರೆ. ಸಿಲಿಂಡರ್‌ಗಳ ನಡುವಿನ ಅಂತರವೇ ಹೆಚ್ಚು ಹೇಳುತ್ತದೆ. ಮೂರು ಸಿಲಿಂಡರ್ 26 ಬಾರ್ ತೋರಿಸಿ ನಾಲ್ಕನೆಯದು 19 ತೋರಿಸಿದರೆ, ಇಂಜೆಕ್ಟರ್ ಬದಲಿಸಿ ಲಾಭವಿಲ್ಲ.

ಹೊಗೆಯೂ ಅರ್ಧ ರೋಗ ಹೇಳುತ್ತದೆ. ಕರಿ ಹೊಗೆ: ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ನೀಲಿ: ಆಯಿಲ್ ಸುಡುತ್ತಿದೆ. ಡೀಸೆಲ್ ವಾಸನೆಯ ಬಿಳಿ: ಸುಡದ ಇಂಧನ. ಸಿಹಿ ವಾಸನೆಯ ಬಿಳಿ, ಜೊತೆಗೆ ಕೂಲೆಂಟ್ ಕಡಿಮೆಯಾಗುವುದು: ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಅಥವಾ ಇಜಿಆರ್ ಕೂಲರ್. ಇಜಿಆರ್ ಕೂಲರ್ ನೋಡದೆ ಹೆಡ್ ಬಿಚ್ಚಲು ಒಪ್ಪಬೇಡಿ.

ಇಂಜೆಕ್ಟರ್: ಹೊಸದೋ, ರೀಕಂಡಿಷನ್ನೋ?

ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದಿಂದ ತೆರೆಯುವ) ಮಾದರಿಯ ಇಂಜೆಕ್ಟರ್ ರಿಪೇರಿ ಆಗುತ್ತದೆ. ನೋಝಲ್ ಮತ್ತು ವಾಲ್ವ್ ಸೆಟ್ ಬದಲಿಸುತ್ತಾರೆ. ಪೀಝೋ (ವಿದ್ಯುತ್ತಿಗೆ ಹಿಗ್ಗುವ ಹರಳಿನಿಂದ ತೆರೆಯುವ) ಮಾದರಿಯದಕ್ಕೆ ಸಾಮಾನ್ಯವಾಗಿ ಹೊಸದೇ ದಾರಿ. ರೀಕಂಡಿಷನ್ ಮಾಡುವ ಅಂಗಡಿಯಲ್ಲಿ ಟೆಸ್ಟ್ ಬೆಂಚ್ ಇದೆಯೇ, ಐಡಲ್, ಪೂರ್ತಿ ಲೋಡ್, ಪ್ರಿ ಇಂಜೆಕ್ಷನ್, ರಿಟರ್ನ್ ಎಲ್ಲದರ ಅಂಕಿ ಮುದ್ರಿಸಿ ಕೊಡುತ್ತಾರೆಯೇ ಎಂದು ಕೇಳಿ. ಬೆಂಚ್ ಇಲ್ಲದೆ ಬರೀ ನೋಝಲ್ ಬದಲಿಸುವವರ ಕಡೆ ಕೊಡುವುದಕ್ಕಿಂತ ಹಳೆಯದರಲ್ಲೇ ಇರುವುದು ಮೇಲು. ಅತಿಯಾಗಿ ಡೀಸೆಲ್ ಸುರಿಯುವ ಇಂಜೆಕ್ಟರ್ ಪಿಸ್ಟನ್ ತಲೆಯನ್ನೇ ಕರಗಿಸಿ ತೂತು ಮಾಡಬಲ್ಲದು.

ಜೋಡಿಸುವಾಗ ಕೆಳಗಿನ ತಾಮ್ರದ ವಾಷರ್ ಹೊಸದೇ ಇರಬೇಕು, ಕೂರುವ ಜಾಗದ ಕಾರ್ಬನ್ ಪೂರ್ತಿ ತೆಗೆದಿರಬೇಕು. ಇಲ್ಲವಾದರೆ ಅಲ್ಲಿಂದ ಗ್ಯಾಸ್ ಸೋರಿ ಇಂಜೆಕ್ಟರ್ ಸುತ್ತ ಡಾಂಬರಿನಂಥ ಕರಿ ಗಟ್ಟಿಯಾಗುತ್ತದೆ, ಮುಂದಿನ ಸಲ ಅದನ್ನು ಕೀಳುವುದೇ ಒಂದು ದೊಡ್ಡ ಕೆಲಸ. ಇಂಜೆಕ್ಟರ್ ತಲೆಯ ಮೇಲಿನ ಕೋಡನ್ನು ಇಸಿಯುಗೆ (ಇಂಜಿನ್‌ನ ಕಂಪ್ಯೂಟರ್) ಬರೆಯುವುದನ್ನು ಮರೆತರೆ ಹೊಸದೂ ಕಟಕಟ ಸದ್ದು ಮಾಡುತ್ತದೆ. ಒಂದೇ ಕೆಟ್ಟು ಉಳಿದ ಮೂರರ ಅಂಕಿ ಚೆನ್ನಾಗಿದ್ದರೆ ಒಂದನ್ನೇ ಬದಲಿಸಿ. ಎರಡು ಕೆಟ್ಟು ಗಾಡಿ ಒಂದೂವರೆ ಲಕ್ಷ ದಾಟಿದ್ದರೆ ನಾಲ್ಕನ್ನೂ ಒಮ್ಮೆಗೇ ಮಾಡಿಸುವುದು ಲೆಕ್ಕಕ್ಕೆ ಸರಿ.

ಇದಕ್ಕಿಂತ ದೊಡ್ಡ ಬಿಲ್ ಹೈ ಪ್ರೆಶರ್ ಪಂಪಿನದು. ಅದಕ್ಕೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ನೀರು ಸೇರಿದ ಡೀಸೆಲ್, ತಪ್ಪಿ ತುಂಬಿದ ಪೆಟ್ರೋಲ್, ಟ್ಯಾಂಕ್ ಒಣಗುವವರೆಗೆ ಓಡಿಸುವುದು ಇವೇ ಅದನ್ನು ಕೊಲ್ಲುತ್ತವೆ. ಟ್ರ್ಯಾಕ್ಟರ್‌ಗೆಂದು ಮನೆಯಲ್ಲಿಟ್ಟ ಬ್ಯಾರಲ್‌ನ ಡೀಸೆಲ್ಲನ್ನು ಎಸ್‌ಯುವಿಗೂ ಸುರಿಯುವ ರೂಢಿ ನಮ್ಮ ಕಡೆ ಇದೆ. ಬ್ಯಾರಲ್‌ನ ತಳದಲ್ಲಿ ಕೂತ ನೀರು, ಧೂಳು ಹಳೆಯ ಟ್ರ್ಯಾಕ್ಟರ್‌ಗೆ ಸಹಿಸೀತು, ಕಾಮನ್ ರೈಲ್‌ಗೆ ಸಹಿಸುವುದಿಲ್ಲ. ಪಂಪ್ ಸವೆದರೆ ಕಬ್ಬಿಣದ ಚೂರು ಮುಂದೆ ರೈಲಿಗೆ, ಇಂಜೆಕ್ಟರ್‌ಗೆ, ವಾಪಸು ಪೈಪಿನಿಂದ ಟ್ಯಾಂಕಿಗೂ ಹೋಗುತ್ತದೆ. ಆಗ ಬರೀ ಪಂಪ್ ಬದಲಿಸಿದರೆ ಹೊಸ ಪಂಪೂ ಹೋಗುತ್ತದೆ. ಟ್ಯಾಂಕ್‌ನಿಂದ ಇಂಜೆಕ್ಟರ್‌ವರೆಗೆ ಎಲ್ಲ ತೊಳೆಯಬೇಕು ಅಥವಾ ಬದಲಿಸಬೇಕು, ಬಿಲ್ ಲಕ್ಷ ದಾಟುತ್ತದೆ. ಹಳೆಯ ಡೀಸೆಲ್ ಫಿಲ್ಟರನ್ನು ಕೊಯ್ದು ಒಳಗೆ ಹೊಳೆಯುವ ಚೂರು ಇದೆಯೇ ಎಂದು ನೋಡಿದ ಮೇಲೆಯೇ ಈ ನಿರ್ಧಾರ. ಡೀಸೆಲ್‌ನಲ್ಲಿ ನೀರಿದೆ ಎನ್ನುವ ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ನೀರು ಬಿಡಬೇಕು.

ಟರ್ಬೊ

ಕಾರ್ಟ್ರಿಜ್ (ಟರ್ಬೊ ಒಳಗಿನ ತಿರುಗುವ ಭಾಗ) ಮಾತ್ರ ಬದಲಿಸುವುದು ಹೊಸ ಟರ್ಬೊ ಬೆಲೆಯ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಹೊರಕವಚ ಬಿರುಕು ಬಿಟ್ಟಿಲ್ಲದೆ, ರೆಕ್ಕೆ ಕವಚಕ್ಕೆ ತಾಗಿ ಗೀರಿಲ್ಲದೆ, ವೇರಿಯೇಬಲ್ ಟರ್ಬೊ ಆದರೆ ಅದರ ವೇನ್‌ಗಳು (ಹೊಗೆಯ ಹರಿವನ್ನು ಹೊಂದಿಸುವ ಸಣ್ಣ ರೆಕ್ಕೆಗಳು) ಸರಾಗವಾಗಿ ತಿರುಗುತ್ತಿದ್ದರೆ ಅದು ಒಳ್ಳೆಯ ಆಯ್ಕೆ. ಇವುಗಳಲ್ಲಿ ಒಂದಿಲ್ಲವಾದರೂ ಹೊಸದೇ ಹಾಕಿಸಿ. ಹಳೆಯದು ಏಕೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲದೆ ಹೊಸದು ಕೂರಿಸಬಾರದು: ಆಯಿಲ್ ಪೈಪಿನಲ್ಲಿ ಕಾರ್ಬನ್ ಕಟ್ಟಿದೆಯೇ, ವಾಪಸು ಪೈಪು ಮುಚ್ಚಿದೆಯೇ, ಹರಿದ ಏರ್ ಫಿಲ್ಟರ್‌ನಿಂದ ಮಣ್ಣು ಹೋಗಿದೆಯೇ. ಸುಗ್ಗಿಯ ದಿನಗಳಲ್ಲಿ ಎರಿ ಧೂಳು ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ತುಂಬುತ್ತದೆ. ಅದನ್ನು ಕಂಪ್ರೆಸರ್ ಗಾಳಿಯಿಂದ ಬಡಿದು ಮತ್ತೆ ಮತ್ತೆ ಹಾಕಿದರೆ ಕಾಗದ ತೂತಾಗುತ್ತದೆ. ಕೂರಿಸುವ ದಿನ ಆಯಿಲ್, ಫಿಲ್ಟರ್ ಹೊಸದು. ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ಪೂರ್ತಿ ತೊಳೆಯಬೇಕು. ಆ ಆಯಿಲನ್ನು ಇಂಜಿನ್ ಎಳೆದುಕೊಂಡರೆ ಕೀ ತೆಗೆದರೂ ನಿಲ್ಲದೆ ಓಡಿ ಸಿಡಿಯಬಹುದು.

ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಇದ್ದವರಿಗೆ

2020ರ ಏಪ್ರಿಲ್ 1ರಿಂದ ಮಾರಾಟವಾದ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಇರುತ್ತದೆ. ಅದರೊಳಗಿನ ಮಸಿ ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಹುಬ್ಬಳ್ಳಿ ಊರೊಳಗಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಾಡುವ ಗಾಡಿಗೆ ಅದು ಸಿಗುವುದಿಲ್ಲ. ದೀಪ ಹತ್ತಿದ ದಿನವೇ ಹಾವೇರಿ ಕಡೆ ಹೆದ್ದಾರಿಯಲ್ಲಿ 60ಕ್ಕಿಂತ ಮೇಲೆ, ಒಂದು ಗೇರ್ ಕೆಳಗಿಟ್ಟು 20 ನಿಮಿಷ ಒಂದೇ ಸಮ ಓಡಿಸಿದರೆ ಬಹಳ ಸಲ ತಾನೇ ಸರಿಹೋಗುತ್ತದೆ. ಹೋಗದಿದ್ದರೆ ಸ್ಕ್ಯಾನರ್‌ನಿಂದ ಬಲವಂತದ ರೀಜನರೇಷನ್ (ಮಸಿ ಸುಡಿಸುವುದು), ಆಮೇಲೆ ಬಿಚ್ಚಿ ತೊಳೆಸುವುದು, ಹೊಸದು ಕೊನೆಗೆ. ಡಿಪಿಎಫ್ ಕೊರೆದು ಖಾಲಿ ಮಾಡಿಸುವುದು ಕಾನೂನುಬಾಹಿರ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಅರ್ಧಕ್ಕೆ ನಿಂತ ರೀಜನರೇಷನ್‌ಗಳಿಂದ ಡೀಸೆಲ್ ಆಯಿಲ್‌ಗೆ ಇಳಿಯುತ್ತಿರಬಹುದು, ಕೂಡಲೇ ಆಯಿಲ್ ಬದಲಿಸಿ.

ಫುಲ್ ಇಂಜಿನ್ ಕೆಲಸ ಬಂದಾಗ

ಕಂಪ್ರೆಷನ್ ಬಿದ್ದು, ಆಯಿಲ್ ಕುಡಿಯುತ್ತಿದ್ದರೆ ಮೂರು ದಾರಿ: ಬಿಚ್ಚಿ ಓವರ್‌ಹಾಲ್, ಬೇರೆ ಗಾಡಿಯ ಹಳೆಯ ಇಂಜಿನ್, ಅಥವಾ ಇದ್ದ ಸ್ಥಿತಿಯಲ್ಲೇ ಮಾರುವುದು. ಹಳೆಯ ಇಂಜಿನ್ ಅಗ್ಗ ಕಾಣುತ್ತದೆ, ಆದರೆ ಇಂಜಿನ್ ನಂಬರ್ ಆರ್‌ಸಿಯಲ್ಲಿ ಬದಲಾಗಬೇಕು. ಬಿಲ್ ಇಲ್ಲದ ಇಂಜಿನ್‌ಗೆ ಆರ್‌ಟಿಒದಲ್ಲಿ ದಾರಿ ಇಲ್ಲ; ನಂಬರ್ ಹೊಂದದ ಗಾಡಿಗೆ ವಿಮೆಯಲ್ಲಿ ತೊಂದರೆ, ಮಾರುವಾಗಲೂ ತೊಂದರೆ.

ಓವರ್‌ಹಾಲ್‌ಗೆ ಒಪ್ಪುವ ಮುನ್ನ ಎಸ್ಟಿಮೇಟ್‌ನಲ್ಲಿ ಇವು ಇವೆಯೇ ನೋಡಿ: ಕ್ರ್ಯಾಂಕ್‌ನ ಅಳತೆ ಮತ್ತು ಬೇರಿಂಗ್ ಸೈಜ್, ಹೆಡ್‌ನ ಪ್ರೆಶರ್ ಟೆಸ್ಟ್, ಟೈಮಿಂಗ್ ಕಿಟ್, ಆಯಿಲ್ ಪಂಪ್, ಹೊಸ ಹೆಡ್ ಬೋಲ್ಟ್. ಪಿಸ್ಟನ್ ಬ್ಲಾಕ್‌ನ ಮೇಲ್ಮೈಗಿಂತ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜ್‌ನಲ್ಲಿ ಅಳೆದು ಅದಕ್ಕೆ ತಕ್ಕ ದಪ್ಪದ ಹೆಡ್ ಗ್ಯಾಸ್ಕೆಟ್ ಆರಿಸುವುದು ಅನೇಕ ಇಂಜಿನ್‌ಗಳಲ್ಲಿ ಕಡ್ಡಾಯ. ಸಿಕ್ಕಿದ್ದನ್ನು ಹಾಕಿದರೆ ಕಂಪ್ರೆಷನ್ ಹೆಚ್ಚುಕಡಿಮೆಯಾಗುತ್ತದೆ. ಬೇರಿಂಗ್ ಕಡಿದು ಹೋದ ಇಂಜಿನ್‌ನಲ್ಲಿ ಆಯಿಲ್ ಕೂಲರ್ ತೊಳೆದು ಹಾಕುವುದು ಬೇಡ, ಹೊಸದು ಬೇಕು. ಸಂದಿಯಲ್ಲಿ ಉಳಿದ ಚೂರು ಹೊಸ ಬೇರಿಂಗನ್ನೂ ತಿನ್ನುತ್ತದೆ.

ಹಾಗಾದರೆ ಲಕ್ಷ ಎಲ್ಲಿಗೆ?

ಟೈರ್‌ನ ಕಚ್ಚು ಸವೆತದ ಗುರುತಿನ ಮಟ್ಟಕ್ಕೆ ಬಂದಿದ್ದು, ಇಂಜಿನ್‌ನಲ್ಲಿ ಒಂದು ಇಂಜೆಕ್ಟರ್ ಮಾತ್ರ ಸೋರುತ್ತಿದ್ದರೆ, ಇದ್ದ ರಿಮ್‌ಗೇ ಕಂಪನಿ ಅಳತೆಯ ನಾಲ್ಕು ಟೈರ್, ಒಂದು ಇಂಜೆಕ್ಟರ್, ಡೀಸೆಲ್ ಫಿಲ್ಟರ್. ಲಕ್ಷದೊಳಗೆ ಎರಡೂ ಮುಗಿಯುತ್ತವೆ. ಟೈರ್ ಇನ್ನೂ ಅರ್ಧ ಇದ್ದು ಪಂಪ್‌ನ ಚೂರು ಫಿಲ್ಟರ್‌ನಲ್ಲಿ ಕಂಡರೆ ಗಾಲಿಯ ಮಾತೇ ಬೇಡ. ಗಾಡಿಯನ್ನು ನಿಲ್ಲಿಸಿ, ಟೋಯಿಂಗ್ ಮಾಡಿಸಿ. ಇಂಜಿನ್ ಅಂಕಿಗಳೆಲ್ಲ ಚೆನ್ನಾಗಿದ್ದು ಗಾಡಿಯನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವವರು ಮೇಲಿನ ವೇರಿಯಂಟ್‌ನ ಅಳತೆಗೆ ಧಾರಾಳವಾಗಿ ಹೋಗಬಹುದು. ಮಾರುವ ಯೋಚನೆ ಇದ್ದವರಿಗೆ ಅಲಾಯ್‌ಗೆ ಹಾಕಿದ ರೊಕ್ಕ ವಾಪಸು ಬರುವುದಿಲ್ಲ. ಕೊಳ್ಳುವವರು ಮೊದಲು ಕೇಳುವುದು ಇಂಜಿನ್, ಆಮೇಲೆ ಆರ್‌ಸಿಯ ವರ್ಷ. ಹದಿನೈದು ವರ್ಷದ ನೋಂದಣಿ ಮುಗಿಯಲು ಎರಡು ಮೂರು ವರ್ಷ ಉಳಿದ ಗಾಡಿಗೆ, ರಿಪೇರಿ ಬಿಲ್ ಮಾರುಕಟ್ಟೆ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ಓವರ್‌ಹಾಲ್ ಬೇಡ ಎನ್ನುತ್ತೇವೆ.

ಯಾವ ಕೆಲಸವೇ ಇರಲಿ, ಬಿಲ್‌ನಲ್ಲಿ ಬಿಡಿಭಾಗದ ಪಾರ್ಟ್ ನಂಬರ್, ವಾರಂಟಿಯ ತಿಂಗಳು ಮತ್ತು ಕಿಲೋಮೀಟರ್ ಬರೆಸಿ. ಬಿಚ್ಚಿದ ಹಳೆಯ ಇಂಜೆಕ್ಟರ್, ಟರ್ಬೊ ಕೇಳಿ ತೆಗೆದುಕೊಳ್ಳಿ. ರೀಕಂಡಿಷನ್ ಅಂಗಡಿಗಳು ಹಳೆಯದಕ್ಕೂ ಬೆಲೆ ಕೊಡುವುದರಿಂದ, ಅದನ್ನು ಅಲ್ಲೇ ಬಿಡುವುದಾದರೆ ಆ ಮೊತ್ತವನ್ನು ಬಿಲ್‌ನಲ್ಲಿ ಕಳೆಯಿಸಿ.